ಕಾಫಿ ಕಣದಲ್ಲಿ ಹಾಯಿದೋಣಿಯ ಸೀಟು ರಿಪೇರಿ

ನನ್ನ ಹಾಯಿದೋಣಿಯ ಎಡಗಡೆ ಸೀಟು ರಿಪೇರಿಯಾದ ಮೇಲೆ ಎರಡು ಮಳೆಗಾಲ ದಾಟಿದೆ, ಈಗಲೂ ಗಟ್ಟಿಯಾಗೇ ಇದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ ನಗುವವರೇ ಜಾಸ್ತಿ ಇದ್ದರು. ಮಂಗಳೂರಿನಲ್ಲಿದ್ದ ದೋಣಿಯನ್ನು ಲಾರಿಗೆ ಹಾಕಿ, ಸಂಪಾಜೆ ಘಾಟಿ ಹತ್ತಿಸಿ, ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ತೋಟದ ಕಾಫಿ ಒಣಗಿಸುವ ಕಣದಲ್ಲಿಟ್ಟು ರಿಪೇರಿ ಮಾಡಿದೆ ಅಂದರೆ ಯಾರು ನಂಬುತ್ತಾರೆ? "ನೂರು ಇಂಚು ಮಳೆ ಹೊಡೆಯೋ ಜಿಲ್ಲೆಗೆ ದೋಣಿ ಒಣಗಿಸೋಕೆ ತಗೊಂಡು ಹೋಗ್ತೀರಾ ಸಾರ್?" ಅಂತ ಮಂಗಳೂರಿನ ಫೈಬರ್ ಮೇಸ್ತ್ರಿ ಕೇಳಿದ್ದ. ಅವನ ಪ್ರಶ್ನೆಯಲ್ಲಿ ತಪ್ಪಿಲ್ಲ. ಜನವರಿ, ಫೆಬ್ರವರಿಯಲ್ಲಿ ನಮ್ಮ ಕಣದಲ್ಲಿ ಕಾಫಿ ಹೇಗೆ ಒಣಗುತ್ತದೆ ಅಂತ ಅವನು ನೋಡಿರಲಿಲ್ಲ, ಅಷ್ಟೇ.

ದೋಣಿ 18 ಅಡಿಯದು. ಕೆಳಗೆ ಎತ್ತಿ ಇಳಿಸುವ ಹಲಗೆ ಇರುವ ಜಾತಿ, ಹಾಗಾಗಿ ಲಾರಿಯಲ್ಲಿ ಚಪ್ಪಟೆಯಾಗಿ ಕೂರುತ್ತದೆ. ಮೂವತ್ತು ವರ್ಷಕ್ಕಿಂತ ಹಳೆಯದು. ಕಾಕ್‌ಪಿಟ್, ಅಂದರೆ ದೋಣಿ ನಡೆಸುವವರು ಕೂರುವ ಜಾಗದ ಸೀಟಿನ ಕಟ್ಟೋಣ ಹೀಗೆ: ಮೇಲೊಂದು ಫೈಬರ್ ಪದರ, ಕೆಳಗೊಂದು, ನಡುವೆ ಹಗುರವಾದ ಬಾಲ್ಸಾ ಮರ. ಎಡಗಡೆ ಸೀಟಿನಲ್ಲಿ ಹಗ್ಗ ಸುತ್ತುವ ಕ್ಲೀಟಿನ ಹತ್ತಿರ ಕಾಲಿಟ್ಟರೆ ಜಗ್ಗುತ್ತಿತ್ತು. ಸೀಟಿನ ಕೆಳಗೆ ಸಾಮಾನು ಇಡುವ ಲಾಕರ್ ಮುಚ್ಚಳದ ಹಿಂಜಿನ ಸುತ್ತ ಕೂದಲೆಳೆಯ ಬಿರುಕು.

ಮೊದಲು ಮಂಗಳೂರಿನಲ್ಲೇ ಒಬ್ಬರ ಹತ್ತಿರ ಮಾಡಿಸಿದ್ದೆ. ಸೀಟಿನ ತುಂಬ ತೂತು ಕೊರೆದು ಸಿರಿಂಜಿನಲ್ಲಿ ರೆಸಿನ್ (ಗಟ್ಟಿಯಾಗುವ ಅಂಟುದ್ರವ) ತುಂಬಿದರು. ಸುಮಾರು 9,000 ತಗೊಂಡರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಮೆತ್ತಗಾಯಿತು. ಒಳಗಿನ ಮರ ನೀರು ಕುಡಿದು ಕೂತಿರುವಾಗ ರೆಸಿನ್ ಅದರೊಳಗೆ ಹೋಗುವುದೆಲ್ಲಿ? ಖಾಲಿ ಜಾಗ ಹುಡುಕಿಕೊಂಡು ಅಲ್ಲಲ್ಲಿ ಗಡ್ಡೆ ಕಟ್ಟುತ್ತದೆ. ಮಧ್ಯದ ಕೊಳೆತ ಮರ ಹಾಗೇ ಇರುತ್ತದೆ. ಇನ್ನೊಬ್ಬರು ಪೂರ್ತಿ ಕತ್ತರಿಸಿ ಹೊಸದು ಹಾಕೋಕೆ 65,000 ಹೇಳಿದರು. ಎಲ್ಲಿ, ಹೇಗೆ ಒಣಗಿಸ್ತೀರಾ ಅಂತ ಕೇಳಿದರೆ "ಹೇರ್ ಡ್ರೈಯರ್ ಇದೆ" ಅಂದರು. ಕೈ ಮುಗಿದು ಬಂದೆ. ಮೂರನೆಯವರ ಸಲಹೆ ಇನ್ನೂ ಸುಲಭದ್ದು, ಮೇಲಿಂದ ಪ್ಲೈವುಡ್ ಇಟ್ಟು ಸ್ಕ್ರೂ ಹೊಡೆಯುವುದು. ನೀರು ಒಳಗೆ ಹೋದದ್ದೇ ಸ್ಕ್ರೂ ತೂತಿನಿಂದ!

ಡಿಸೆಂಬರ್ ಕೊನೆಗೆ ಈಚರ್ ಲಾರಿ ಹಿಡಿದೆ. ದೋಣಿಯ ಹಿಂಭಾಗ ಲಾರಿಯಿಂದ ಒಂದು ಮೊಳ ಹೊರಗಿತ್ತು. 2018ರಲ್ಲಿ ಗುಡ್ಡ ಕುಸಿದ ಜೋಡುಪಾಲದ ಕಡೆ ಡ್ರೈವರ್ ಆಮೆನಡಿಗೆಯಲ್ಲಿ ಬಂದ. ಮಡಿಕೇರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಜನ ಸೇರಿ ಫೋಟೋ ತೆಗೆದುಕೊಂಡರು. ಹೋಂಸ್ಟೇಗೆ ಅಲಂಕಾರಕ್ಕಾ ಅಂತ ಒಬ್ಬರು ವಿಚಾರಿಸಿದರು.

ಕತ್ತರಿಸುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದು, ಟಣ್ ಅನ್ನುವುದೆಲ್ಲಿ, ಬದ್ ಅನ್ನುವುದೆಲ್ಲಿ ಅಂತ ಪೆನ್ಸಿಲಿನಲ್ಲಿ ಗೆರೆ ಹಾಕಿ. ಗೆರೆಯಿಂದ ಇನ್ನೂ ಒಂದು ಗೇಣು ಆಚೆ ಕೊಳೆತಿರುತ್ತದೆ ಅಂತಲೇ ಇಟ್ಟುಕೊಳ್ಳಿ. ಗ್ರೈಂಡರಿಗೆ ತೆಳು ಡೈಮಂಡ್ ಬಿಲ್ಲೆ ಹಾಕಿ, ಸೀಟಿನ ಅಂಚಿನಿಂದ ಒಂದೂವರೆ ಎರಡು ಇಂಚು ಒಳಗೆ, ಮೇಲಿನ ಪದರ ಮಾತ್ರ ಕುಯ್ಯಬೇಕು. ನನ್ನದು 3 ಮಿ.ಮೀ. ಇತ್ತು. ಲಾಕರ್ ಒಳಗಿಂದ ಮಾಡಬಹುದು ಅನ್ನುವವರಿದ್ದಾರೆ. ತಲೆ ಕೆಳಗೆ ಮಾಡಿ ಮಲಗಿ, ಮುಖದ ಮೇಲೆ ರೆಸಿನ್ ಸುರಿಸಿಕೊಳ್ಳುವ ಆಸೆ ಇದ್ದರೆ ಮಾಡಲಿ.

ಪದರ ಎತ್ತಿದರೆ ಒಳಗೆ ಇದ್ದದ್ದು ಮರವೇ ಅಲ್ಲ, ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ. ಬಣ್ಣವೂ ಅದೇ, ಹಿಂಡಿದರೆ ನೀರು ಬರುವುದೂ ಹಾಗೇ. ಅಂಚಿನ ಕಡೆ ಮಾತ್ರ ಬಾಲ್ಸಾ ಬೆಳ್ಳಗೆ ಇತ್ತು. ಮೇಲಿನ ಪದರವನ್ನು ಎಸೆಯಬೇಡಿ. ಕಾಲು ಜಾರದ ಚೌಕುಳಿ ಅಚ್ಚು ಅದರ ಮೇಲಿದೆ, ಅದನ್ನೇ ವಾಪಸ್ ಅಂಟಿಸಬೇಕು. ನಾನು ಅದನ್ನು ಚಪ್ಪಟೆಯಾಗಿ ಹಲಗೆಯ ಕೆಳಗೆ ಇಟ್ಟಿದ್ದೆ. ಬಿಸಿಲಿಗೆ ಬಿಟ್ಟರೆ ಸೊಟ್ಟಗಾಗುತ್ತದೆ.

ಇನ್ನು ಒಣಗಿಸುವುದು. ಇಡೀ ಕೆಲಸ ಇದೇ. ಕಡಲ ತೀರದಲ್ಲಿ ಬಿಸಿಲಿದ್ದರೂ ಗಾಳಿಯಲ್ಲೇ ನೀರಿರುತ್ತದೆ. ನಮ್ಮಲ್ಲಿ ಜನವರಿ ಹಗಲು ಹಾಗಲ್ಲ, ಒಣ ಗಾಳಿ, ಚುರುಗುಟ್ಟುವ ಬಿಸಿಲು. ಆದರೆ ರಾತ್ರಿ ಇಬ್ಬನಿ ಜೋರು. ಕಾಫಿ ಹರಡಿದವರಿಗೆ ಇದನ್ನು ಹೇಳಿಕೊಡಬೇಕಾ? ಸಂಜೆ ನಾಲ್ಕಕ್ಕೆ ಕಾಫಿ ರಾಶಿ ಮಾಡಿ ಟಾರ್ಪಲ್ ಮುಚ್ಚುವಾಗ ದೋಣಿಗೂ ಮುಚ್ಚಿಸುತ್ತಿದ್ದೆ. ಬೆಳಿಗ್ಗೆ ಮಂಜು ಹರಿದ ಮೇಲೆ ತೆಗೆಯುವುದು. ಒಂದು ಬದಿ ಎತ್ತರ ಮಾಡಿ, ಒಳಗಿನ ನೀರು ಇಳಿಯುವ ಹಾಗೆ ವಾಲಿಸಿ ಇಟ್ಟಿದ್ದೆ.

ಒಣಗಿತು ಅಂತ ತಿಳಿಯುವುದು ಹೇಗೆ? ಕಾಫಿಯ ಮಾಯಿಶ್ಚರ್ ಮೀಟರ್ ಇದಕ್ಕೆ ಆಗುವುದಿಲ್ಲ. ಕಣದಲ್ಲಿ ಪಾರ್ಚ್‌ಮೆಂಟನ್ನು (ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ) ಫೋರ್ಲಿಟ್ ಅನ್ನುವ ನಿಗದಿತ ಅಳತೆಯ ಡಬ್ಬದಲ್ಲಿ ಅಳೆದು ತೂಗುತ್ತೇವಲ್ಲ, ತೂಕ ಇಳಿಯುವುದು ನಿಂತರೆ ಒಣಗಿತು ಅಂತ ಲೆಕ್ಕ. ಅದನ್ನೇ ಇಲ್ಲೂ ಮಾಡಿದೆ. ಅಂಚಿನ ಬಾಲ್ಸಾದಿಂದ ಬೆಂಕಿಪೊಟ್ಟಣದಷ್ಟು ತುಂಡು ಕಿತ್ತು, ನಂಬರ್ ಬರೆದು, ಅದೇ ಜಾಗದಲ್ಲಿ ವಾಪಸ್ ಇಟ್ಟೆ. ಸಂಜೆ ಹೊತ್ತು ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ತೂಗುವುದು. ಮೊದಮೊದಲು ಸರಸರ ಇಳಿಯಿತು. ಆಮೇಲೆ ನಿಧಾನವಾಯಿತು. ಮೂರು ವಾರದ ಸುಮಾರಿಗೆ ತೂಕ ನಿಂತಿತು. ತಕ್ಕಡಿ ವಿಷಯಕ್ಕೆ ಮನೆಯಲ್ಲಿ ಆದ ಮಾತುಕತೆ ಇಲ್ಲಿ ಬೇಡ.

ಅಷ್ಟರಲ್ಲಿ ರೊಬಸ್ಟಾ ಕೊಯ್ಲು ಜೋರಾಯಿತು. "ಸಾವ್ಕಾರ್ರೇ, ಕಾಫಿ ಚೆರಿ ಎಲ್ಲಿ ಹರಡೋದು? ದೋಣಿ ಮೇಲಾ?" ಅಂತ ತೋಟದ ಲೆಕ್ಕ ನೋಡುವ ನಮ್ಮ ರೈಟರ್ ಕೇಳಿದರು. ಕಣದ ಮೂಲೆಗೆ ತಳ್ಳಿಸಿದೆ.

ಒಳಗೆ ಏನು ತುಂಬುವುದು ಅನ್ನುವುದು ಮುಂದಿನ ತಲೆನೋವು. ಪಿವಿಸಿ ಫೋಮ್ ಒಳ್ಳೆಯದು, ಆದರೆ ನನಗೆ ಬೇಕಿದ್ದ ಸಣ್ಣ ತುಂಡು ಕೊಡುವವರು ಸಿಗಲಿಲ್ಲ. ತೋಟದ ತುಂಬ ಸಿಲ್ವರ್ ಓಕ್ ಇದೆಯಲ್ಲ ಅಂತ ಅದರ ಅಡ್ಡ ಬಿಲ್ಲೆಗಳನ್ನು ಕುಯ್ದು ನೋಡಿದೆ. ಒಣಗುವಾಗ ನಡುವೆ ಸೀಳಿತು. ಸೀಳದೆ ಉಳಿದದ್ದು ರೆಸಿನ್ ಕುಡಿದು ಕುಡಿದು ತೂಕ ಏರಿಸಿಕೊಂಡಿತು. ಕಾಫಿ ಹೊಟ್ಟನ್ನು ಎಪಾಕ್ಸಿಯಲ್ಲಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ರೆಸಿನ್) ಕಲಸಿ ಇಟ್ಟಿಗೆ ಮಾಡಿದೆ. ನೋಡೋಕೆ ಚೆಂದ, ಹಗುರ. ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ ಪುಡಿ. ಬಿದಿರಿನ ಸೀಳೂ ಪ್ರಯತ್ನಿಸಿದೆ, ಗೆಣ್ಣು ಇರುವ ಕಡೆ ಮಟ್ಟಕ್ಕೆ ಬರಲೇ ಇಲ್ಲ. ಆ ಹೊಟ್ಟಿನ ಇಟ್ಟಿಗೆ ಈಗ ಗೋಡೌನ್ ಬಾಗಿಲಿಗೆ ತಡೆಯಾಗಿದೆ.

ಕೊನೆಗೆ ಐಎಸ್ 710 ಗುರುತಿನ ಮೆರೀನ್ ಪ್ಲೈವುಡ್, 12 ಮಿ.ಮೀ. ಗುರುತು ನೋಡಿಯೇ ತಗೊಳ್ಳಿ. ಅಂಗಡಿಯವರು "ವಾಟರ್‌ಪ್ರೂಫ್" ಅಂತ ಬೇರೆ ಏನೋ ಕೊಟ್ಟುಬಿಡುತ್ತಾರೆ. ಬಾಲ್ಸಾಗಿಂತ ಭಾರ ನಿಜ. ಒಂದು ಸೀಟಿಗೆ ತೊಂದರೆ ಇಲ್ಲ. ಇಡೀ ಹಲಗೆಯಾಗಿ ಹಾಕಲಿಲ್ಲ. ಅಂಗೈ ಅಗಲದ ತುಂಡು ಮಾಡಿ, ನಡುವೆ ಸಂದು ಬಿಟ್ಟು, ಸಂದಿಗೆ ಗಟ್ಟಿಯಾಗಿ ಕಲಸಿದ ಎಪಾಕ್ಸಿ ತುಂಬಿದೆ. ನಾಳೆ ಎಲ್ಲಾದರೂ ನೀರು ಹೊಕ್ಕರೂ ಆ ಒಂದು ತುಂಡು ಮಾತ್ರ ಹೋಗುತ್ತದೆ.

ಎಪಾಕ್ಸಿ ಯಾವ ಹೊತ್ತಿಗೆ ಹಚ್ಚಬೇಕು ಅನ್ನುವುದರಲ್ಲಿ ವಿಷಯವಿದೆ. ಬೆಳಿಗ್ಗೆ ಹಚ್ಚಿದರೆ ಬಿಸಿಲೇರಿದ ಹಾಗೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳುತ್ತದೆ. ಮಧ್ಯಾಹ್ನ ಮೂರರ ಮೇಲೆ ಹಚ್ಚಿದರೆ ಮರ ತಣ್ಣಗಾಗುತ್ತಾ ಎಪಾಕ್ಸಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆದರೆ ನಮ್ಮ ಜನವರಿ ರಾತ್ರಿ 13-14 ಡಿಗ್ರಿಗೆ ಇಳಿಯುತ್ತದೆ, ಎಪಾಕ್ಸಿ ಬೇಗ ಗಟ್ಟಿಯಾಗುವುದಿಲ್ಲ. ಟಾರ್ಪಲ್ ಒಳಗೆ ನೂರು ವ್ಯಾಟಿನ ಹಳೇ ಬಲ್ಬು ಎರಡು ಉರಿಸಿಟ್ಟೆ. ಆದರೂ ಬೆಳಿಗ್ಗೆ ಮೇಲೆ ಜಿಡ್ಡು ಬಂದಿತ್ತು. ಅದನ್ನು ಬರೀ ನೀರು, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರಿನಿಂದ ತೊಳೆದು, ಆಮೇಲೆ ಎಮರಿ ಹಾಳೆ. ತೊಳೆಯದೆ ಎಮರಿ ಹೊಡೆದರೆ ಜಿಡ್ಡು ಇನ್ನೂ ಒಳಕ್ಕೆ ಹೋಗುತ್ತದೆ, ಮುಂದಿನ ಪದರ ಕಿತ್ತು ಬರುತ್ತದೆ.

ಮೇಲಿನ ಪದರ ಅಂಟಿಸುವಾಗ ಒತ್ತುವುದಕ್ಕೆ ತೂಕ ಬೇಕಿತ್ತು. ರೇಟು ಏರಲಿ ಅಂತ ಮಾರದೆ ಇಟ್ಟಿದ್ದ ಅರೇಬಿಕಾ ಮೂಟೆಗಳಿದ್ದವು. ರೈಟರ್ ಅಡ್ಡ ನಿಂತರು. ಕಾಫಿ ಎಪಾಕ್ಸಿಯ ವಾಸನೆ ಹಿಡಿಯುತ್ತದೆ, ಅವರ ಮಾತು ಸರಿ. ಮಾರ್ಚ್ ಗೊಬ್ಬರಕ್ಕೆ ತಂದಿದ್ದ 50 ಕೆಜಿಯ ಪೊಟ್ಯಾಷ್ ಮೂಟೆಗಳು ಬಂದವು. ಮೊದಲು ಪ್ಲಾಸ್ಟಿಕ್ ಹಾಳೆ, ಮೇಲೆ ಹಲಗೆ, ಅದರ ಮೇಲೆ ಮೂಟೆ. ಲಾಕರ್ ಒಳಗಿಂದ ಕೆಳಗಿನ ಪದರಕ್ಕೆ ಜೀಪಿನ ಜಾಕಿ ಮತ್ತು ಮರದ ಆಸರೆ ಕೊಟ್ಟೆ. ಕೊಡದಿದ್ದರೆ ಸೀಟು ತೊಟ್ಟಿಲ ಆಕಾರಕ್ಕೆ ಬಂದುಬಿಡುತ್ತದೆ. ಸಂದಿಯಿಂದ ಎಪಾಕ್ಸಿ ಸುತ್ತಲೂ ಒಂದೇ ಸಮ ಹೊರಬಂದರೆ ಸಾಕು. ತೂಕ ಜಾಸ್ತಿಯಾದರೆ ಅಂಟೆಲ್ಲ ಹೊರಗೇ ಬರುತ್ತದೆ.

ಕುಯ್ದ ಗೆರೆಯ ಎರಡೂ ಕಡೆ ಇಳಿಜಾರು ಹೊಡೆದೆ. ದಪ್ಪದ ಹನ್ನೆರಡು ಪಟ್ಟು, ಅಂದರೆ 36 ಮಿ.ಮೀ. ಅದರಲ್ಲಿ ನೇಯ್ದ ಗ್ಲಾಸ್ ಬಟ್ಟೆ, ಪದರದ ಮೇಲೆ ಪದರ. ಮಾಮೂಲಿ ಚಾಪ್ ಮ್ಯಾಟ್ (ತುಂಡು ಗ್ಲಾಸ್ ನೂಲನ್ನು ಅಂಟಿಸಿದ ಹಾಳೆ) ಬೇಡ. ಅದರ ಅಂಟು ಕರಗುವುದು ಪಾಲಿಯೆಸ್ಟರ್ ರೆಸಿನ್ನಿನಲ್ಲಿರುವ ಸ್ಟೈರೀನ್ ದ್ರವಕ್ಕೆ, ಎಪಾಕ್ಸಿಗಲ್ಲ. ಮೇಲೆ ಎರಡು ಡಬ್ಬದ್ದನ್ನು ಬೆರೆಸಿ ಹಚ್ಚುವ ಪಿಯು (ಪಾಲಿಯುರೆಥೇನ್) ಪೇಂಟ್. ಜೋಡಣೆಯ ಗೆರೆಯ ಮೇಲೂ ಚೌಕುಳಿ ಅಚ್ಚು ಬರುವ ಹಾಗೆ ಮಾಡಿದ್ದೇನೆ. ಹೇಗೆ ಅಂತ ಹೇಳುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ. ಗೆರೆ ಎಲ್ಲಿದೆ ಅಂತ ಆ ಫೈಬರ್ ಮೇಸ್ತ್ರಿ ಬಂದು ಬೆರಳಾಡಿಸಿ ಹುಡುಕಿದ, ಸಿಗಲಿಲ್ಲ. ಇನ್ನೊಂದನ್ನು ಮಾತ್ರ ಹೇಳುತ್ತೇನೆ: ಕ್ಲೀಟಿನ ಬೋಲ್ಟ್ 6 ಮಿ.ಮೀ. ಆದರೆ 12ರ ಬಿಟ್ಟಿನಲ್ಲಿ ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ 6ರ ತೂತು ಹಾಕಿ. ಮರ ನೀರಿನ ಮುಖವನ್ನೇ ನೋಡುವುದಿಲ್ಲ.

ದುಡ್ಡಿನ ಲೆಕ್ಕ, ನೆನಪಿದ್ದಷ್ಟು: ಲಾರಿ ಹೋಗಿ ಬರೋಕೆ 26,000. ಎಪಾಕ್ಸಿ ಆರು ಕೆಜಿ ಹತ್ತಿರ, 9,000. ಪ್ಲೈವುಡ್ 4,500. ಬಟ್ಟೆ 2,500. ಪೇಂಟ್ 3,500. ಬಿಲ್ಲೆ, ಎಮರಿ, ಗ್ಲೌಸ್, ಅಸಿಟೋನ್ ಅಂತ 4,000 ಆಗಿರಬೇಕು. ಒಟ್ಟು ಐವತ್ತು ಸಾವಿರದ ಆಸುಪಾಸು. ಇಷ್ಟಕ್ಕೆ ಉಳಿದಿದ್ದು ಹದಿನೈದು ಸಾವಿರವಾ ಅಂತ ಕೇಳಬಹುದು. ಹೌದು. ಆದರೆ ಲಾರಿ ಬಾಡಿಗೆ ಅರ್ಧಕ್ಕರ್ಧ ತಿಂದಿತು. ದೋಣಿ ಮೊದಲೇ ಘಾಟಿಯ ಮೇಲೆ ಇರುವವರಿಗೆ ಇದು ಇಪ್ಪತ್ತೈದು ಸಾವಿರ ದಾಟದ ಕೆಲಸ.

ಕಾಫಿ ಹೂ ಅರಳಿಸುವ ಹೂಮಳೆ ಬರುವ ಮುಂಚೆ ಪೇಂಟ್ ಮುಗಿಸಲೇಬೇಕಿತ್ತು, ಮುಗಿಯಿತು. ತೋಟದಲ್ಲಿ ಎಲ್ಲರಿಗಿಂತ ದಪ್ಪ ಇರುವ ಡ್ರೈವರನ್ನು ಸೀಟಿನ ಮೇಲೆ ಹತ್ತಿಸಿ ಕುಣಿಸಿದೆವು. ಒಂದು ಕಡೆಯೂ ಜಗ್ಗಲಿಲ್ಲ. ಬಲಗಡೆ ಸೀಟು ಬಡಿದು ನೋಡಿದೆ, ಹಿಂಜಿನ ಹತ್ತಿರ ಸಣ್ಣಗೆ ಬದ್ ಅನ್ನುತ್ತಿದೆ. ಬರುವ ಜನವರಿಗೆ ಲಾರಿ ಹೇಳಿಟ್ಟಿದ್ದೇನೆ. ರೈಟರಿಗೆ ಇನ್ನೂ ಹೇಳಿಲ್ಲ.