ಗೆಳೆಯರ ಮದುವೆಯಲ್ಲಿ ಫೋಟೋ ತೆಗೆಯುವಾಗ

ದುಡ್ಡು ಕೊಟ್ಟು ಕರೆಸಿದ ಫೋಟೋಗ್ರಾಫರ್ ಇದ್ದರೆ ಅವರಿಗೆ ಅಡ್ಡ ನಿಲ್ಲಬೇಡಿ. ಜೋಡಿಯ ಫೋಟೋ ಅವರು ತೆಗೆಯುತ್ತಾರೆ. ನೀವು ನೆಂಟರ ಕಡೆ ಕ್ಯಾಮೆರಾ ತಿರುಗಿಸಿ. ಯಾರು ಯಾವಾಗ ಕಣ್ಣೊರೆಸಿಕೊಳ್ಳುತ್ತಾರೆ, ಯಾರು ಜೋರಾಗಿ ನಗುತ್ತಾರೆ ಅನ್ನೋದು ನಿಮಗೇ ಚೆನ್ನಾಗಿ ಗೊತ್ತು ಅಲ್ವಾ?

ದೊಡ್ಡ ತಲೆನೋವು ಅಂದರೆ ಹಾಲ್ ಒಳಗಿನ ಬೆಳಕು. ಶಟರ್ (ಬೆಳಕನ್ನು ಒಳಬಿಟ್ಟು ಮುಚ್ಚುವ ಪರದೆ) ಸೆಕೆಂಡಿನ 1/125ಕ್ಕಿಂತ ನಿಧಾನವಾದರೆ ಓಡಾಡುವವರ ಮುಖ ಕಲಸಿಹೋಗುತ್ತದೆ, ಅದಕ್ಕೇ ಅಪರ್ಚರ್ (ಬೆಳಕು ಬರುವ ಲೆನ್ಸಿನ ತೂತು) ಎಫ್ 2.8 ಅಥವಾ ನಿಮ್ಮ ಲೆನ್ಸ್ ತೆರೆಯುವಷ್ಟು ಅಗಲ ಇಟ್ಟು ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಳತೆ) 1600ರಿಂದ 3200ರವರೆಗೆ ಏರಿಸಿ, ಫೋಟೋ ಸ್ವಲ್ಪ ಕಾಳುಕಾಳಾಗಿ ಬಂದರೂ ಪರವಾಗಿಲ್ಲ. ಅದನ್ನು ಆಮೇಲೆ ಕಡಿಮೆ ಮಾಡಬಹುದು, ಅಲುಗಿದ ಫೋಟೋ ಸರಿಮಾಡುವುದು ಕಷ್ಟ. ಗುಂಪು ಫೋಟೋಗೆ ಮಾತ್ರ ತೂತು ಚಿಕ್ಕದು ಮಾಡಿ ಎಫ್ 5.6ರಷ್ಟು ಇಡಿ, ಇಲ್ಲದಿದ್ದರೆ ಹಿಂದಿನ ಸಾಲು ಮಸುಕು. ಕಣ್ಣು ಮುಚ್ಚುವವರು ಇದ್ದೇ ಇರುತ್ತಾರೆ, ನಾಲ್ಕೈದು ಸಲ ಒತ್ತಿ.

ಫ್ಲ್ಯಾಶ್ ಬೇಕೇ ಬೇಕಾದರೆ ಬಿಳಿ ಸೀಲಿಂಗ್ ಕಡೆ ತಿರುಗಿಸಿ, ನೇರ ಮುಖಕ್ಕೆ ಹೊಡೆಯುವುದು ನನಗಂತೂ ಇಷ್ಟವಿಲ್ಲ. ಬಣ್ಣಬಣ್ಣದ ದೀಪಗಳಿದ್ದರೆ ರಾ ಫಾರ್ಮ್ಯಾಟ್‌ನಲ್ಲಿ (ಕ್ಯಾಮೆರಾ ಕಂಡದ್ದನ್ನು ತಿದ್ದದೆ ಉಳಿಸುವ ಫೈಲ್) ತೆಗೆಯಿರಿ, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವ ಹಾಗೆ ಬಣ್ಣ ಹೊಂದಿಸೋದು) ಆಮೇಲೆ ತಿದ್ದಬಹುದು. ಬೀಪ್ ಸದ್ದು ಆಫ್ ಮಾಡಿ. ಇನ್ನೊಂದು ಬ್ಯಾಟರಿ, ಇನ್ನೊಂದು ಮೆಮೊರಿ ಕಾರ್ಡ್ ಜೇಬಿನಲ್ಲಿರಲಿ. ಎರಡು ಕಡೆ ಕಾಪಿ ಆಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ, ಜೋಡಿಯನ್ನು ಕೇಳದೆ ಸುಮ್ನೆ ಎಲ್ಲಾ ಫೋಟೋ ಆನ್‌ಲೈನ್‌ಗೂ ಹಾಕಬೇಡಿ.