ಪ್ರೊಡಕ್ಷನ್‌ನಿಂದ ಕ್ವಾಲಿಟಿಗೆ: ನನಗೆ ಟ್ರಾನ್ಸ್‌ಫರ್ ಸಿಕ್ಕಿದ್ದು ಹೀಗೆ

ತುಮಕೂರಿನ ವಸಂತನರಸಾಪುರದ ಒಂದು ದೊಡ್ಡ ಕಂಪನಿಗೆ ಸೇರಿ ಎಂಟು ತಿಂಗಳಾಗಿತ್ತು. ಕೆಲಸ ಪ್ರೊಡಕ್ಷನ್‌ನಲ್ಲಿ, ಮನಸ್ಸೆಲ್ಲ ಕ್ವಾಲಿಟಿ ಕಡೆ. ಸೀದಾ ಎಚ್‌ಆರ್‌ಗೆ ಮೇಲ್ ಹಾಕಿಬಿಟ್ಟೆ. ನಮ್ಮ ಮ್ಯಾನೇಜರ್‌ಗೆ ಬೇರೆಯವರಿಂದ ಗೊತ್ತಾಗಿ ಬೇಜಾರಾಯಿತು. ಅರ್ಜಿ ಅಲ್ಲೇ ನಿಂತಿತು. ತಪ್ಪು ನನ್ನದೇ.

ಒಂದು ದಿನ ಶಿಫ್ಟ್ ಮುಗಿಸಿ ಅವರ ಹತ್ತಿರ ಹೋದೆ. "ಸರ್, ನಿಮಗೇ ಮೊದಲು ಹೇಳಬೇಕಿತ್ತು. ನನ್ನ ಜಾಗಕ್ಕೆ ಬರೋರಿಗೆ ಕೆಲಸ ಕಲಿಸಿಯೇ ಹೋಗ್ತೀನಿ" ಅಂದೆ. "ಇದನ್ನ ಅವತ್ತೇ ಹೇಳೋದಲ್ವೇನಪ್ಪಾ?" ಅಂದರು. ಅಲ್ಲಿಗೆ ಅರ್ಧ ಕೆಲಸ ಆಯಿತು.

ಊಟದ ಬಿಡುವಿನಲ್ಲಿ ಕ್ವಾಲಿಟಿಯವರ ಪಕ್ಕ ಕೂತು, ವರ್ನಿಯರ್ ಕ್ಯಾಲಿಪರ್‌ನಲ್ಲಿ 0.02 ಮಿ.ಮೀ.ವರೆಗೆ ಅಳೆಯೋದು ಕಲಿತೆ. ಕೈ ನಡುಗದೆ ಹಿಡಿಯೋಕೇ ವಾರ ಬೇಕಾಯಿತು. ಕಂಪನಿಯೊಳಗೇ ಹುದ್ದೆ ಖಾಲಿ ಅಂತ ನೋಟಿಸ್ ಬಂದಾಗ ಮತ್ತೆ ಅರ್ಜಿ ಹಾಕಿದೆ. ಈ ಸಲ ಮ್ಯಾನೇಜರೇ ಒಪ್ಪಿಗೆ ಕೊಟ್ಟರು. ಪ್ರೊಡಕ್ಷನ್‌ನಿಂದ ನನ್ನನ್ನು ಬಿಡುವ ತಾರೀಖನ್ನು ಮಾತ್ರ ಮೇಲ್‌ನಲ್ಲೇ ಬರೆಸಿಕೊಂಡೆ.