ಹೆಬ್ಬೆರಳಿನಿಂದ ನಕ್ಷತ್ರದವರೆಗೆ: ದೂರ ಅಳೆಯುವುದು ಹೇಗೆ?

ನಕ್ಷತ್ರದವರೆಗೆ ಟೇಪು ಹಿಡಿಯಲಾಗದು. ಆದರೂ ಅದರ ದೂರ ಇಷ್ಟು ಅಂತ ವಿಜ್ಞಾನಿಗಳು ಹೇಳುತ್ತಾರೆ. ಉಪಾಯ ಸುಲಭ, ಮೊದಲು ನೆಲದ ಮೇಲೇ ಮಾಡಿ ನೋಡಿ.

ಕೈ ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಒಂದು ಕಣ್ಣು ಮುಚ್ಚಿ, ಬೆರಳನ್ನು ದೂರದ ಗೋಡೆಯ ಒಂದು ಗುರುತಿಗೆ ಸರಿಹೊಂದಿಸಿ. ಕೈ ಅಲುಗಿಸದೆ ಕಣ್ಣು ಬದಲಿಸಿ. ಬೆರಳು ಟಕ್ಕನೆ ಪಕ್ಕಕ್ಕೆ ಜಿಗಿಯಿತು, ಅಲ್ವಾ? ಗೋಡೆಯ ಮೇಲೆ ಎಷ್ಟು ಮೀಟರ್ ಜಿಗಿಯಿತೋ ಅಂದಾಜಿಸಿ 10ರಿಂದ ಗುಣಿಸಿ. 2 ಮೀಟರ್ ಆದರೆ ಗೋಡೆ ಸುಮಾರು 20 ಮೀಟರ್ ದೂರದಲ್ಲಿದೆ. ಯಾಕೆ 10? ಕಣ್ಣುಗಳ ನಡುವೆ ಸುಮಾರು 6 ಸೆಂ.ಮೀ., ಕಣ್ಣಿನಿಂದ ಬೆರಳಿಗೆ ಸುಮಾರು 60. ನಿಮ್ಮ ಕೈ ಗಿಡ್ಡವಿದ್ದರೆ ಸ್ಕೇಲ್ ಹಿಡಿದು ಸರಿಯಾದ ಸಂಖ್ಯೆ ತೆಗೆಯಿರಿ.

ಆಕಾಶದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಗೊತ್ತಿಲ್ಲದ್ದು ಬೆರಳಿನ ದೂರ. ಬೆರಳೆಂದರೆ ಹತ್ತಿರದ ನಕ್ಷತ್ರ, ಗೋಡೆಯೆಂದರೆ ಬಹುದೂರದ ನಕ್ಷತ್ರಗಳು. 6 ಸೆಂ.ಮೀ. ಅಂತರ ಅದಕ್ಕೆ ಏನೇನೂ ಸಾಲದು. ಹಾಗಾಗಿ ಒಂದು ಫೋಟೊ ಇವತ್ತು, ಇನ್ನೊಂದು ಆರು ತಿಂಗಳ ನಂತರ. ಅಷ್ಟರಲ್ಲಿ ಭೂಮಿ ಸೂರ್ಯನ ಆಚೆ ಬದಿಗೆ, ಸುಮಾರು 30 ಕೋಟಿ ಕಿ.ಮೀ. ಅತ್ತ ಹೋಗಿರುತ್ತದೆ.

ನಕ್ಷತ್ರ ಸರಿದಂತೆ ಕಂಡ ಕೋನದ ಅರ್ಧವೇ ಪ್ಯಾರಲ್ಯಾಕ್ಸ್. ಅದನ್ನು ಆರ್ಕ್‌ಸೆಕೆಂಡ್‌ನಲ್ಲಿ ಅಳೆಯುತ್ತಾರೆ. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು! 1838ರಲ್ಲಿ ಜರ್ಮನಿಯ ಫ್ರೆಡ್ರಿಕ್ ಬೆಸೆಲ್ 61 ಸಿಗ್ನಿ ನಕ್ಷತ್ರಕ್ಕೆ ಅಳೆದ ಕೋನ ಇಂಥ ಒಂದು ಪಾಲಿನ ಮೂರನೇ ಒಂದರಷ್ಟು. ನಕ್ಷತ್ರಗಳ ಫೋಟೊ ತೆಗೆಯಲಾಗದ ಕಾಲದಲ್ಲಿ ಅದು ಸುಮ್ನೆ ಮಾತಲ್ಲ.

ಇನ್ನು ಲೆಕ್ಕ. 3.26ನ್ನು ಆ ಕೋನದಿಂದ ಭಾಗಿಸಿ, ಉತ್ತರ ಜ್ಯೋತಿರ್ವರ್ಷದಲ್ಲಿ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ) ಬರುತ್ತದೆ. ಪ್ರಾಕ್ಸಿಮಾ ಸೆಂಟಾರಿಯ ಕೋನ 0.77. ಭಾಗಿಸಿದರೆ ಸುಮಾರು 4.2. ಸಿರಿಯಸ್‌ನದು 0.38, ಅದನ್ನು ನೀವೇ ಮಾಡಿ. 8.6ರ ಹತ್ತಿರ ಬರಬೇಕು.

ದೂರ ಹೆಚ್ಚಿದಷ್ಟೂ ಕೋನ ಚಿಕ್ಕದಾಗಿ ಕೈಗೆ ಸಿಗದಾಗುತ್ತದೆ. ಅಲ್ಲಿಂದಾಚೆಗೆ ಸೆಫೀಡ್ ನಕ್ಷತ್ರಗಳೇ ಗತಿ. ಇವುಗಳ ಬೆಳಕು ಒಂದೇ ಲಯದಲ್ಲಿ ಏರಿ ಇಳಿಯುತ್ತಿರುತ್ತದೆ. ಈ ಏರಿಳಿತದ ಅವಧಿ ಉದ್ದವಾದಷ್ಟೂ ನಿಜವಾದ ಬೆಳಕು ಜಾಸ್ತಿ ಎಂದು ಅಮೆರಿಕದ ಖಗೋಳ ವಿಜ್ಞಾನಿ ಹೆನ್ರಿಯೆಟಾ ಲೆವಿಟ್ ಕಂಡುಕೊಂಡರು. ನಿಜವಾದ ಬೆಳಕು ಗೊತ್ತಾದರೆ, ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದ ದೂರ ಸಿಗುತ್ತದೆ. ಆದರೆ ಹತ್ತಿರದ ಸೆಫೀಡ್‌ಗಳ ದೂರ ತಪ್ಪಾದರೆ ಅದನ್ನು ನಂಬಿ ಹಾಕಿದ ಆಚೆಗಿನ ಲೆಕ್ಕವೆಲ್ಲ ತಪ್ಪು. 1920ರ ದಶಕದಲ್ಲಿ ಎಡ್ವಿನ್ ಹಬಲ್ ಆಂಡ್ರೊಮಿಡಾ ಗೆಲಾಕ್ಸಿಗೆ ಸುಮಾರು 9 ಲಕ್ಷ ಜ್ಯೋತಿರ್ವರ್ಷ ಎಂದರು. ಈಗಿನ ಅಳತೆ ಸುಮಾರು 25 ಲಕ್ಷ. ದಾರಿ ಸರಿಯಿತ್ತು, ಸೆಫೀಡ್‌ಗಳ ನಿಜವಾದ ಬೆಳಕಿನ ಅಂದಾಜು ಕಡಿಮೆಯಾಗಿತ್ತು. 2013ರಲ್ಲಿ ಹಾರಿದ ಯುರೋಪಿನ ಗಾಯಾ ದೂರದರ್ಶಕ ನಮ್ಮ ಗೆಲಾಕ್ಸಿಯ ಸೆಫೀಡ್‌ಗಳಿಗೂ ಇದೇ ಹೆಬ್ಬೆರಳಿನ ಲೆಕ್ಕ ಹಾಕಿದ್ದು ಅದಕ್ಕೇ.